ಹುಳದ ಕವಿತೆಗೆ ಸೊನ್ನೆ ಅಂಕ

ಕನ್ನಡ ಎಂ.ಎ. ಮಾಡಿದವನಿಗೆ ಎರಡು ಕವಿತೆಗಳ ಧ್ವನಿ ಹೋಲಿಸುವುದು ಎಷ್ಟರ ಕೆಲಸ! ಹೀಗೆಂದುಕೊಂಡೇ ನಾನು ಕಾರವಾರದಿಂದ ಶೆಟಗೇರಿಯ ಅತ್ತೆಮನೆಗೆ ಬಂದಿಳಿದೆ. ಅಲ್ಲಿನ ಮಹಿಳಾ ಮಂಡಳದ ಕವಿತಾ ಸ್ಪರ್ಧೆಗೆ ನಾನೇ ತೀರ್ಪುಗಾರ. ವಿಷಯ: ಹಾವು. ಕೊನೆಗೆ ಉಳಿದದ್ದು ಎರಡೇ ಕವಿತೆ. ಒಂದು ನೆರೆಮನೆಯ ಸಾವಿತ್ರಕ್ಕನದು. ಇನ್ನೊಂದು ಸಾಕ್ಷಾತ್ ನಮ್ಮ ಅತ್ತೆಯದು!

ಸಂಜೆ ದೀಪ ಹಚ್ಚಿದ ಮೇಲೆ ಅಂಗಳದ ಬೆಂಚಿನಲ್ಲಿ ಕುಳಿತು ಓದಿದೆ. ಸಾವಿತ್ರಕ್ಕನ ಹಾವು ಭುಸುಗುಟ್ಟಿ, ವಿಷ ಕಾರಿ, ಮೂರನೇ ಸಾಲಿನಲ್ಲೇ ಇಬ್ಬರನ್ನು ಮುಗಿಸಿತ್ತು. ಅತ್ತೆಯ ಕವಿತೆಯೋ, ‘ಹುಳವೇ, ಮೊದಲು ನೀನು ದಾಟು, ಆಮೇಲೆ ನಾನು’ ಎಂದು ಶುರುವಾಗಿತ್ತು. ಎರೆಹುಳಕ್ಕೆ ಇಷ್ಟೊಂದು ಮರ್ಯಾದೆಯೇ? ಇಡೀ ಕವಿತೆಯಲ್ಲಿ ಹಾವಿನ ಬಾಲವೂ ಇರಲಿಲ್ಲ. “ವಿಷಯಾಂತರ. ಸೊನ್ನೆ ಅಂಕ” ಎಂದು ಹೆಂಡತಿ ಸುನಂದೆಗೆ ತೀರ್ಪು ಓದಿ ಹೇಳಿದೆ.

“ಆಯಿಗೆ ಸೊನ್ನೆಯಾ? ನಾಳೆ ಎಲ್ರ ಎದ್ರು ಹೇಳ್ತ್ರಿ? ಮತ್ತೆ ಈ ಮನೇಲಿ ನಿಮ್ಗೆ ಚಾ ಸಿಕ್ಕೂದಿಲ್ಲ, ನೋಡಿ!”

“ವಿಮರ್ಶೆಗೆ ನೆಂಟಸ್ತಿಕೆ ಇಲ್ಲ” ಎಂದೆ.

ಅಷ್ಟರಲ್ಲಿ ಅತ್ತೆ ಬಾಗಿಲಿನಿಂದ ಮೆಲ್ಲಗೆ, “ಅಳಿಯಂದ್ರೆ, ಅಲ್ಲಾಡ್ಬೇಡಿ. ಬೆಂಚಿನ ಕೆಳ್ಗೆ ಹುಳ ಅದೆ” ಎಂದರು.

“ಅಷ್ಟೇನಾ? ನಾನೇ ಓಡಿಸ್ತೇನೆ” ಎಂದು ಬಗ್ಗಿ, ಎರಡೂ ಕವಿತೆಗಳನ್ನು ಸುರುಳಿ ಸುತ್ತಿ ಕೆಳಗೆ ಆಡಿಸಿದೆ.

ಹುಳ ಹೆಡೆ ಎತ್ತಿತು!

ಆ ಹೆಡೆಗೂ ನನ್ನ ಮೂಗಿಗೂ ಒಂದು ಗೇಣು ಅಂತರ. ಇದನ್ನು ಬರೆಯುವಾಗಲೂ ಮೂರು ಸಲ ಕುರ್ಚಿಯ ಕೆಳಗೆ ಬಗ್ಗಿ ನೋಡಿದ್ದೇನೆ. ಬೆಂಚಿನ ಮೇಲೆ ಯಾವಾಗ ಎದ್ದು ನಿಂತೆನೋ ತಿಳಿಯದು. “ಹಾ... ಹಾ...” ಎಂದೆ.

“ಹೆಸ್ರು ಹೇಳ್ಬೇಡಿ!” ಅತ್ತೆ ಗದರಿದರು. “ದೀಪ ಹಚ್ಚಿದ್ಮೇಲೆ ಹೆಸ್ರು ತಕಂಡ್ರೆ ಹತ್ರ ಬತ್ತದೆ. ಹುಳ ಅನ್ನಿ! ನಾ ಕವಿತೆ ಬರ್ದದ್ದೂ ದೀಪ ಹಚ್ಚಿದ್ಮೇಲೇ!”

ನನ್ನ ಮನೆಮಾತು ಕೊಂಕಣಿ. ಕನ್ನಡ ಕಲಿತದ್ದು ಪುಸ್ತಕದಿಂದ. ಪುಸ್ತಕದಲ್ಲಿ ಇದು ಇರಲಿಲ್ಲ!

ಅತ್ತೆ ಕೈಮುಗಿದು, “ಹೋಗು ಮಾರಾಯಾ, ಇವ್ರು ನಮ್ಮ ಅಳಿಯ, ಎಂತದೂ ತಿಳೂದಿಲ್ಲ ಇವ್ರಿಗೆ” ಎಂದರು. ಅದಕ್ಕೂ ಹಾಗೇ ಅನ್ನಿಸಿರಬೇಕು. ಸರಸರ ಬೇಲಿ ದಾಟಿತು.

ಮರುದಿನ ಮಂಡಳದಲ್ಲಿ ಹೊಸ ತೀರ್ಪು ಓದಿದೆ: “ಹಾವನ್ನು ದೂರದಿಂದ ಕಂಡ ಸಾವಿತ್ರಕ್ಕನ ಧ್ವನಿಯಲ್ಲಿ ಆರ್ಭಟವಿದೆ. ಹತ್ತಿರದಿಂದ ಕಂಡ ಅತ್ತೆಯ ಧ್ವನಿಯಲ್ಲಿ ವಿನಯವಿದೆ. ಮೊದಲ ಬಹುಮಾನ ಅತ್ತೆಗೆ.”

“ಅಳಿಯಂದ್ರೂ ಹತ್ರದಿಂದ್ಲೇ ಕಂಡ್ರಂತಲ್ಲ, ಅವ್ರ ಧ್ವನಿ ಹ್ಯಾಂಗಿತ್ತು?” ಸಾವಿತ್ರಕ್ಕ ಸುಮ್ಮನಿರಲಿಲ್ಲ.

ಉತ್ತರ ಕೊಟ್ಟದ್ದು ಪ್ರಥಮ ಬಹುಮಾನಿತರು.

“ಧ್ವನಿ ಎಲ್ಲಿಂದ ಬರೂಕೆ? ಅವ್ರು ಬೆಂಚಿನ ಮೇಲೆ, ಅವ್ರ ಲುಂಗಿ ಬೆಂಚಿನ ಕೆಳ್ಗೆ!”