ಅತ್ತೆಯ ಕಟ್ಟಡಕ್ಕೆ ವಿಮೆ

ನನ್ನ ಸೋದರತ್ತೆಯ ಕಟ್ಟಡಕ್ಕೆ ಬೆಂಕಿ ಬೀಳುವುದು ಅಷ್ಟು ಸುಲಭವಲ್ಲ. ಮೊದಲು ಅದು ಅವಳ ಅಪ್ಪಣೆ ಕೇಳಬೇಕು. ಅವಳು ಬೆಂಕಿಯ ಊರು, ಮನೆತನ, ಇಷ್ಟು ದಿನ ಎಲ್ಲಿತ್ತು ಎಂಬುದನ್ನೆಲ್ಲ ವಿಚಾರಿಸಬೇಕು. ಅಷ್ಟರಲ್ಲಿ ಎಂಥ ಬೆಂಕಿಯಾದರೂ ಸುಸ್ತಾಗಿ ಆರಿಹೋಗುತ್ತದೆ!

ಮಾವ ತೀರಿಕೊಂಡ ಮೇಲೆ ಹೊಂಗನೂರಿನ ಹಿಪ್ಪುನೇರಳೆ ತೋಟ ಮಾರಿ ಅತ್ತೆ ಚನ್ನಪಟ್ಟಣದಲ್ಲಿ ಈ ಕಟ್ಟಡ ಕಟ್ಟಿಸಿದಳು. ಕೆಳಗೆ ನಜೀರ್ ಭಾಯ್. ಮುಂದಿನ ಕೋಣೆಯಲ್ಲಿ ಮರದ ಬುಗುರಿ, ಗಿಲಕಿ ಮಾಡುತ್ತಾರೆ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಮೇಲೆ ಮೂರು ಮನೆ. ನಾಲ್ವರೂ ಭೋಗ್ಯದವರು. ಒಂದೇ ಸಲ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುತ್ತಾರೆ, ಬಿಟ್ಟುಹೋಗುವಾಗ ಗಂಟು ವಾಪಸ್ಸು. ಅತ್ತೆಗೆ ಹಿತ್ತಲಿನಲ್ಲೊಂದು ಕೋಣೆ. ಅದರಲ್ಲಿ ಅವಳು ಮಲಗುತ್ತಾಳೆ, ಅಷ್ಟೇ. ವಾಸವೆಲ್ಲ ಉಳಿದವರ ಬಾಗಿಲಲ್ಲಿ.

ದಿನಾ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಬಾಗಿಲಲ್ಲಿ ನಿಂತು ಮೂಗು ಅರಳಿಸಿ ಗ್ಯಾಸ್ ಸೋರುತ್ತಿದೆಯೇ ಎಂದು ನೋಡಬೇಕು. ಗ್ಯಾಸ್ ಒಮ್ಮೆಯೂ ಸಿಕ್ಕಿಲ್ಲ. ಯಾರ ಮನೆಯಲ್ಲಿ ಯಾವ ಸಾರು ಎಂಬುದು ಮಾತ್ರ ಇಡೀ ಬೀದಿಗೆ ಗೊತ್ತು. ಒಮ್ಮೆ ಮೇಲಿನ ಮನೆಯ ಮೇಷ್ಟರ ಹೆಂಡತಿ ಒಲೆಯ ಮೇಲೆ ಕುಕ್ಕರ್ ಇಟ್ಟು ತಾರಸಿಗೆ ಬಟ್ಟೆ ತರಲು ಹೋಗಿದ್ದಾಗ ಅತ್ತೆ ಒಳಗೆ ಹೋಗಿ ಒಲೆ ಆರಿಸಿಬಿಟ್ಟಳು. ಕೇಳಿದರೆ, “ಮೂರು ಕೂಗಾಗಿತ್ತು ಕಣವ್ವ, ಇನ್ನೆಷ್ಟು ಕೂಗುಸ್ತೀಯ?” ಅಂದಳಂತೆ. ಆ ರಾತ್ರಿ ಮೇಷ್ಟರು ಬೇಯದ ಬೇಳೆ ಅಗಿದು ಉಂಡರು.

ಇಂಥವಳು ಕಳೆದ ವರ್ಷ ಕಟ್ಟಡಕ್ಕೆ ವಿಮೆ ಮಾಡಿಸಲು ಹೊರಟಳು. ಏಜೆಂಟ್ ಬಂದು ಕುರ್ಚಿಯ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ.

“ನಿನ್ ಮನೆಗೆ ಇನ್ಸೂರೆನ್ಸ್ ಐತೇನಪ್ಪ?”

“ನಮ್ದು ಬಾಡ್ಗೆ ಮನೆ ಅಮ್ಮ.”

“ನಿನ್ ಓನರ್ ಮಾಡ್ಸವ್ನಾ?”

ಏಜೆಂಟ್ ತಲೆ ಕೆರೆದುಕೊಂಡ. “ಮೊದ್ಲು ಅವ್ನಿಗೆ ಮಾಡ್ಸು ಹೋಗು” ಎಂದು ಅತ್ತೆ ಅವನನ್ನು ಎಬ್ಬಿಸಿ ಕಳಿಸಿದಳು. ಪಾಪ, ಒಂದು ವಾರ ಬಿಟ್ಟು ಅವನು ತನ್ನ ಓನರ್‌ಗೆ ಪಾಲಿಸಿ ಮಾಡಿಸಿಯೇ ಬಂದ!

ಅರ್ಜಿ ತುಂಬುವ ಕೆಲಸ ನನಗೆ ಬಿತ್ತು. ಗೋಡೆ ಯಾವುದರದು ಎಂಬ ಪ್ರಶ್ನೆಗೆ ‘ಇಟ್ಟಿಗೆ’ ಎಂದು ಬರೆದೆ.

“ಮೂಡಲ ಗೋಡೆ ಬಿರುಕು ಬುಟ್ಟೈತೆ, ಅದನ್ನೂ ಬರಿ.”

“ಅದನ್ನ ಕೇಳಿಲ್ಲ ಅತ್ತೆ.”

“ಕೇಳ್ದಿದ್ರೆ ಹೇಳ್ಬಾರ್ದೇನ್ಲಾ?”

ಹೀಗೆ ಬಿರುಕು, ಸೋರುವ ನಲ್ಲಿ, ಸಡಿಲವಾದ ಮೂರನೇ ಮೆಟ್ಟಿಲು ಎಲ್ಲ ಸೇರಿ ಎರಡು ಹಾಳೆಯ ಅರ್ಜಿಗೆ ಐದು ಹಾಳೆಯ ಬಾಲ ಬೆಳೆಯಿತು.

ಕಂಪನಿಯಿಂದ ಕಟ್ಟಡ ನೋಡಲು ಅಧಿಕಾರಿ ಬರುತ್ತಾರೆ ಎಂದು ತಿಳಿದದ್ದೇ ತಡ, ಹೆಣ್ಣು ನೋಡುವ ಶಾಸ್ತ್ರದ ಸಡಗರ ಶುರುವಾಯಿತು. ಗೇಟಿಗೆ ಬಣ್ಣ, ಬಾಗಿಲಿಗೆ ಮಾವಿನ ತೋರಣ. ಉಪ್ಪಿಟ್ಟು, ಕೇಸರಿಬಾತು. ಭೋಗ್ಯದವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಳ್ಳಬೇಕೆಂದು ಅಪ್ಪಣೆ. ಆದರೆ ಹೆಣ್ಣಿನ ಕಡೆಯವರು ಮೊದಲು ಕೊರತೆಗಳನ್ನು ತೋರಿಸುವುದುಂಟೇ? ಅತ್ತೆ ಅಧಿಕಾರಿಯ ಕೈಗೆ ಕೇಸರಿಬಾತು ಕೊಟ್ಟು ನೇರ ಬಿರುಕಿನ ಮುಂದೆ ನಿಲ್ಲಿಸಿದಳು.

ಕೆಳಗಿನ ಕೋಣೆಗೆ ಬಂದಾಗ ಅಧಿಕಾರಿಯ ಮುಖ ಸಣ್ಣದಾಯಿತು. ಮರದ ಹೊಟ್ಟು, ಅರಗು, ತಿರುಗುವ ಮಿಷನ್ನು.

“ಮೇಲೆ ಸಂಸಾರಗಳು, ಕೆಳಗೆ ಈ ಕೆಲಸ. ಕಷ್ಟ ಆಗುತ್ತಮ್ಮ. ಇದೊಂದನ್ನ ಖಾಲಿ ಮಾಡಿಸಿದ್ರೆ ತಕ್ಷಣ ಆಗುತ್ತೆ.”

ಜೊತೆಗೆ ಬಂದಿದ್ದ ಏಜೆಂಟ್ ಅತ್ತೆಯ ಕಿವಿಯಲ್ಲಿ, “ಬರೀ ಮನೆಗಳು ಅಂತ ಬರ್ದುಬುಡವಾ ಅಮ್ಮ, ಯಾರು ನೋಡ್ತಾರೆ?” ಅಂದ.

“ಸುಟ್ಟೋದ ದಿನ ನೋಡ್ತಾರಲ್ಲಪ್ಪ, ಆವಾಗ ನೀನು ಎಲ್ಲಿರ್ತೀಯ?”

ನಜೀರ್ ಭಾಯ್ ಮಿಷನ್ ನಿಲ್ಲಿಸಿದರು. ಈ ಕೆಲಸಕ್ಕೆ ಜಾಗ ಕೊಡುವವರು ಊರಿನಲ್ಲಿ ಎಷ್ಟು ಜನ? ಇಲ್ಲಿಗೆ ಬರುವ ಮುಂಚೆ ಮೂರು ಕಡೆ ಅವರನ್ನು ಖಾಲಿ ಮಾಡಿಸಿದ್ದರು. “ನನ್ನಿಂದ ನಿಮ್ಗೆಲ್ಲ ತೊಂದ್ರೆ ಬೇಡಮ್ಮ. ಬೇರೆ ಕಡೆ ನೋಡ್ಕೊತೀನಿ” ಎಂದರು, ನೆಲ ನೋಡುತ್ತಾ.

“ನಿನ್ನ ಯಾರ್ ಕೇಳುದ್ರು? ಮಿಷನ್ ಹಾಕು” ಎಂದಳು ಅತ್ತೆ. ಅಧಿಕಾರಿಯ ಕಡೆ ತಿರುಗಿದಳು. “ಇರೋದ್ ಇದ್ದಂಗೆ ಬರ್ಕೊಳ್ಳಿ ಸ್ವಾಮಿ. ದುಡ್ಡು ಜಾಸ್ತಿ ಆದ್ರೆ ಆಗ್ಲಿ, ಕಟ್ತೀನಿ. ಇನ್ನೊಂದು, ನನ್ ಹೆಸ್ರು ಕೆಳ್ಗೆ ಇವ್ರು ನಾಲ್ಕೂ ಜನದ ಹೆಸ್ರು ಬರ್ಬೇಕು.”

“ಬರೀಬಹುದಮ್ಮ. ಆದ್ರೆ ಯಾವ ಓನರೂ ಕೇಳಲ್ಲ.”

“ನಾನ್ ಕೇಳ್ತಾ ಇದೀನಲ್ಲ.”

ಒಂದು ತಿಂಗಳು ಓಡಾಡಿಸಿ ಕಂಪನಿ ಒಪ್ಪಿತು. ಹೊಟ್ಟನ್ನು ದಿನಾ ಸಂಜೆ ಗುಡಿಸಿ ಹೊರಹಾಕಬೇಕು, ಬೆಂಕಿ ಆರಿಸುವ ಎರಡು ಕೆಂಪು ಸಿಲಿಂಡರ್ ಇಡಬೇಕು ಎಂಬ ಷರತ್ತು. ಸಿಲಿಂಡರ್ ಬಂದ ದಿನವೇ ಅವಕ್ಕೆ ಅರಿಶಿನ ಕುಂಕುಮವೂ ಬಿತ್ತು.

ಪಾಲಿಸಿ ಕೈಗೆ ಬಂದಾಗ ನಾನು ನಗುತ್ತಲೇ ಕೇಳಿದೆ. “ಕಟ್ಟಡ ನಿಂದು, ದುಡ್ಡು ಕಟ್ಟೋಳು ನೀನು. ಈ ಹೆಸರುಗಳ ಹಟ ಯಾಕತ್ತೆ?”

ಅವಳು ನನ್ನ ಎದುರಿಗೆ ಬಂದು ಕೂತಳು.

“ಮದ್ವೆಯಾದ್ ಹೊಸ್ದ್ರಲ್ಲಿ ನಿಮ್ಮಾವ, ನಾನು ರಾಮನಗರದಲ್ಲಿ ಭೋಗ್ಯಕ್ಕಿದ್ವಿ ಕಣ್ಲಾ. ನನ್ ಒಡ್ವೆ ಮಾರಿ ಕೊಟ್ಟಿದ್ ಗಂಟು. ಆ ಮನೆ ಸುಟ್ಟೋಯ್ತು. ಓನರ್‌ಗೆ ವಿಮೆ ಬಂತು, ಅಂಗಡಿ ಕಟ್ಟುಸ್ದ. ಕೇಳಕ್ಕೋದ್ರೆ, ನಿಮ್ ಹೆಸ್ರು ಎಲ್ಲೈತೆ ತೋರ್ಸಿ ಅಂದ್ಬುಟ್ಟ.”

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಿನಾ ಸಂಜೆ ಆ ನಾಲ್ಕು ಬಾಗಿಲ ಮುಂದೆ ನಿಲ್ಲುತ್ತಿದ್ದವಳನ್ನು ಆಡಿಕೊಂಡು ನಕ್ಕವರಲ್ಲಿ ನಾನೇ ಮೊದಲಿಗ. ನನಗೆ ನಾಚಿಕೆಯಾಯಿತು. ಅವಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು.

ಅಷ್ಟರಲ್ಲಿ ನಜೀರ್ ಭಾಯ್ ಬಂದು ಬಾಗಿಲಲ್ಲಿ ನಿಂತರು. ಅವರಿಗೆ ಓದು ಬರುವುದಿಲ್ಲ. “ನನ್ ಹೆಸ್ರು ಬಂದೈತಾ ಸಾರ್?” ಎಂದು ಕೇಳಿದರು. ನಾನು ಅತ್ತೆಯ ಹೆಸರಿನಿಂದ ಶುರುಮಾಡಿ ಐದೂ ಹೆಸರು ಓದಿದೆ. ಅವರು ಅರಗಿನ ಬಣ್ಣ ಹತ್ತಿದ ಬೆರಳನ್ನು ಲುಂಗಿಗೆ ಒರೆಸಿಕೊಂಡು, ನಾನು ತೋರಿಸಿದ ಸಾಲನ್ನು ಮುಟ್ಟಿ ನೋಡಿದರು.

“ಇನ್ನೊಂದು ಕಿತ ಓದ್ಲಾ” ಎಂದಳು ಅತ್ತೆ. “ನಂದು ಬುಡು. ಅವ್ರವ್ ಓದು.”