ನನ್ನ ಹೆಂಡತಿಯ ಬೈಗುಳ ಹಿಂದಿರುಗಿಸಿ

ನಕ್ಷತ್ರಗಳಾಚೆಯಿಂದ ಆಗಮಿಸಿ ನಮ್ಮ ಬೀದಿಯ ನೀರಿನ ಟ್ಯಾಂಕಿನ ಮೇಲೆ ಆಸೀನರಾಗಿರುವ, ಹೆಸರು ಉಚ್ಚರಿಸಹೋದರೆ ನಾಲಿಗೆ ಸೆಟೆದುಕೊಳ್ಳುವಂಥ ಮಾನ್ಯರೇ,

ತಮ್ಮ ಎಲ್ಲ ಬಾಯಿಗಳಿಗೂ ಪ್ರತ್ಯೇಕ ಪ್ರತ್ಯೇಕವಾಗಿ ನನ್ನ ನಮಸ್ಕಾರಗಳು. ತಮ್ಮ ಕಾಲಬುಡದಲ್ಲಿ, ಅದು ಕಾಲೇ ಆಗಿದ್ದ ಪಕ್ಷದಲ್ಲಿ, ಬುಕ್ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಬಡಪಾಯಿ ನಾನು. ತಮ್ಮಂಥವರನ್ನು ಕಂಡವರ ಬುದ್ಧಿ ಚೂರುಚೂರಾಯಿತು ಎಂದು ಪುಟಕ್ಕೊಮ್ಮೆ ಹೇಳುವ ಭಯಾನಕ ಕಾದಂಬರಿಗಳಿಗೆ ವರ್ಷಗಟ್ಟಲೆ ರಟ್ಟು ಹಾಕುತ್ತ, ಲೇಖಕರು ಬುರುಡೆ ಬಿಡುತ್ತಾರೆಂದು ನಗುತ್ತಿದ್ದೆ. ಕ್ಷಮೆಯಿರಲಿ.

ಮಂಗಳವಾರ ಬೆಳಿಗ್ಗೆ ತಾವು ನಮ್ಮ ಕಿಟಕಿಯಲ್ಲಿ ಇಣುಕಿದಾಗ ನಾನು ಬಿದ್ದ ಸೂಜಿ ಹುಡುಕುತ್ತ ಮೇಜಿನಡಿಯಲ್ಲಿದ್ದೆ. ಹಾಳೆ ಹೊಲಿಯುತ್ತಿದ್ದ ನನ್ನ ಹೆಂಡತಿ ತಮ್ಮನ್ನು ನೇರವಾಗಿ ನೋಡಿಬಿಟ್ಟಳು. ತಮ್ಮ ಕೆಲಸದ ಅಚ್ಚುಕಟ್ಟನ್ನು ಮೆಚ್ಚಲೇಬೇಕು: ಎದುರಂಗಡಿಯ ದರ್ಜಿ ಗೋಡೆಗೆ ಅಂಗಿಯ ಅಳತೆ ತೆಗೆಯುತ್ತಿದ್ದಾನೆ, ಅಂಚೆಯವನು ಪತ್ರಗಳನ್ನು ಚರಂಡಿಗೆ ಓದಿ ಹೇಳುತ್ತಿದ್ದಾನೆ, ಇಬ್ಬರೂ ಮೊದಲಿಗಿಂತ ಸುಖವಾಗಿದ್ದಾರೆ. ಅನಾಹುತವಾಗಿರುವುದು ನನ್ನ ಮನೆಯಲ್ಲಿ. ನನ್ನವಳು ಬೈಯುವುದನ್ನೇ ಬಿಟ್ಟಿದ್ದಾಳೆ.

ಮದುವೆಯಾದಂದಿನಿಂದ ನನ್ನ ಒಂದೇ ಒಂದು ಹೊಲಿಗೆಯನ್ನೂ ಒಪ್ಪದಿದ್ದವಳು ಈಗ ಎಲ್ಲದಕ್ಕೂ "ಸರಿ ರೀ, ತುಂಬಾ ಚೆನ್ನಾಗಿದೆ" ಎನ್ನುತ್ತಾಳೆ. ನೋಡೋಣವೆಂದು ಅವಳೆದುರೇ ಒಂದು ನಿಘಂಟಿಗೆ ತಲೆಕೆಳಗಾಗಿ ರಟ್ಟು ಅಂಟಿಸಿ, ಅಂಟಿನ ಕೈಯನ್ನು ಅವಳ ದಿಂಬಿಗೆ ಒರೆಸಿದೆ. ನಕ್ಕು ತಲೆಯಾಡಿಸಿದಳು. ಸ್ವಾಮಿ, ನಾನು ಹಿಂದಿನ ಕೋಣೆಗೆ ಹೋಗಿ ಕಾಗದದ ರೀಮುಗಳ ನಡುವೆ ಕೂತು ಅತ್ತೆ.

ಆದ್ದರಿಂದ, ಅವಳ ಬುದ್ಧಿಯ ಚೂರುಗಳು ತಮ್ಮ ಯಾವುದಾದರೊಂದು ಹೊಟ್ಟೆಯಲ್ಲಿ ಅರಗದೆ ಉಳಿದಿದ್ದರೆ ದಯವಿಟ್ಟು ವಾಪಸು ಕಳಿಸಬೇಕು; ಹಿಂದುಮುಂದಾಗಿದ್ದರೂ ಚಿಂತೆಯಿಲ್ಲ, ಜೋಡಿಸಿ ಹೊಲಿದುಕೊಳ್ಳುತ್ತೇನೆ. ಅದಾಗದಿದ್ದರೆ ನಾಳೆ ಹನ್ನೊಂದು ಗಂಟೆಗೆ ಇನ್ನೊಮ್ಮೆ ಇಣುಕುವ ಕೃಪೆ ಮಾಡಿ, ನಾನು ತಲೆಯೆತ್ತಿಕೊಂಡೇ ಕಾಯುತ್ತಿರುತ್ತೇನೆ. ಅವಳಿಲ್ಲದ ಕಡೆ ನಾನೊಬ್ಬ ನೆಟ್ಟಗಿದ್ದು ಮಾಡುವುದೇನಿದೆ?

ದುರದೃಷ್ಟವಶಾತ್ ಇನ್ನೂ ಬುದ್ಧಿ ಸ್ವಾಧೀನದಲ್ಲಿರುವ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ಬೈಂಡರ್

ತಾ.ಕ.: ಲಕೋಟೆ ಮುಚ್ಚುವ ಮುನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಹೊಲಿಯುತ್ತಿದ್ದ ಹಾಳೆಗಳನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಥೂ, ಆ ಮುಸುಡಿಗೆ ಮಾನ್ಯರೇ ಅನ್ನೋದು ಬೇರೆ ಕೇಡು! ಬೆನ್ನುಮೂಳೆ ಅನ್ನೋದು ಇದೆಯೇನ್ರೀ ನಿಮಗೆ? ಒಂದು ಜಗಳಾನೂ ನೆಟ್ಟಗೆ ಆಡೋಕೆ ಬರಲ್ಲ, ಸರೀರಿ ಆಚೆ!" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನನ್ನ ವಿನಂತಿಗಳನ್ನೆಲ್ಲ ಹಿಂಪಡೆದಿದ್ದೇನೆ. ಈ ಕ್ಷಣ ಟ್ಯಾಂಕಿನ ಏಣಿಯನ್ನು ಅರ್ಧ ಏರಿದ್ದಾಳೆ. ಅನುಭವಸ್ಥನ ಮಾತು ಕೇಳಿ: ಎದುರುತ್ತರ ಕೊಡಬೇಡಿ.