ಪುಕ್ಕಲನ ಕೈಯಲ್ಲಿ ಸ್ಕ್ರೂಡ್ರೈವರ್

ವಾರಕ್ಕೆ ಒಂದು ಸಲವಾದರೂ ಎದೆ ಡವಡವ ಅನ್ನದೆ ಹೋದರೆ ಆ ವಾರ ನನಗೆ ವಾರವೇ ಅನ್ನಿಸುವುದಿಲ್ಲ. ನಾನು ಹುಟ್ಟಾ ಪುಕ್ಕಲ. ಕರೆಂಟು ಕಂಡರೆ ಭಯ, ನೀರು ಕಂಡರೆ ಭಯ, ಮನೆ ಫೋನು ಹೊತ್ತಲ್ಲದ ಹೊತ್ತಲ್ಲಿ ಎರಡು ಸಲ ರಿಂಗಾದರೂ ಭಯ. ಇಂಥವನು ಹುಣಸೂರಿನಲ್ಲಿ ಮನೆ ಮಾಡಿಕೊಂಡು, ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರು, ಯುಪಿಎಸ್ಸು, ಕ್ಯಾಮೆರಾ ರಿಪೇರಿ ಅಂತ ಸುತ್ತಿನ ತಾಲ್ಲೂಕುಗಳನ್ನೆಲ್ಲ ಅಲೆಯುತ್ತೇನೆ. ಶನಿವಾರ ಮನೆಯಲ್ಲಿ ಕೈಗೆ ಸಿಕ್ಕಿದ ಯಂತ್ರ ಬಿಚ್ಚುತ್ತೇನೆ. ಭಾನುವಾರ ಹೊಳೆ, ಕಾಡಂಚು ಅಂತ ತಿರುಗುತ್ತೇನೆ. ಹಿಂಗಿದ್ದಮೇಲೆ ಏನಾಗಬೇಕೋ ಅದು ಆಗುತ್ತಲೇ ಇರುತ್ತದೆ.

"ನಿಮ್ಮನ್ನ ಯಾವ್ದೂ ಅಟ್ಟಿಸ್ಕೊಂಡು ಬರಲ್ಲ ಕಣ್ರೀ. ನೀವೇ ಹೋಗಿ ಅದರ ಮುಂದೆ ನಿಂತ್ಕೋತೀರಿ" ಅನ್ನುತ್ತಾಳೆ ನನ್ನ ಹೆಂಡತಿ.

ಮುದ್ದೆಕೋಲು

ಒಂದು ಶನಿವಾರ ಯಾರದೋ ಹಳೇ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದೆ. ಪ್ಲಗ್ಗು ಹಾಕಿಕೊಂಡೇ ನೋಡಬೇಕಾದ ಕೆಲಸ. ಹೆಂಡತಿಯನ್ನು ಅಡುಗೆಮನೆಯಿಂದ ಕರೆದೆ.

"ನೋಡು, ನಾನು ಗಡಗಡ ಅಂತ ನಡುಗಿದರೆ ಕರೆಂಟು ಹಿಡ್ಕೊಂಡಿದೆ ಅಂತ. ಯಾವ ಕಾರಣಕ್ಕೂ ನನ್ನ ಮುಟ್ಟಬೇಡ. ಒಣಗಿದ ಮರದ ಕೋಲಲ್ಲಿ ಕೈಗೆ ಹೊಡೆದು ಬಿಡಿಸು."

ಅವಳು ಮುದ್ದೆಕೋಲು ತಂದು ನನ್ನ ಹಿಂದೆ ನಿಂತಳು. ಅವಳು ನಿಂತ ಮೇಲೆ ನನ್ನ ಭಯ ಇನ್ನೂ ಜಾಸ್ತಿಯಾಯಿತು. ಉಸಿರು ಬಿಗಿಹಿಡಿದು, ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಟೆಸ್ಟರ್ ಹಿಡಿದು ಮೆಲ್ಲಗೆ ಬಗ್ಗಿದೆ. ಅಷ್ಟರಲ್ಲಿ ಮೇಲಿನಿಂದ ತಣ್ಣಗಿನದೇನೋ ತೊಪ್ಪನೆ ಕತ್ತಿನ ಮೇಲೆ ಬಿದ್ದು, ಅಂಗಿಯೊಳಗೆ ಇಳಿದು, ಬೆನ್ನ ತುಂಬ ಓಡಾಡತೊಡಗಿತು. ಹಲ್ಲಿ!

"ಆ... ಆ... ಆ..." ಅಂತ ಕೂತಲ್ಲೇ ಮೈಯೆಲ್ಲ ಅದುರಿಸಿದೆ.

ಅವಳು ಒಂದು ಕ್ಷಣವೂ ತಡಮಾಡಲಿಲ್ಲ. ಕೈಗೆ ಒಂದು ಬಿತ್ತು. ಹಲ್ಲಿ ಅಂಗಿಯ ಕೆಳಗಿನಿಂದ ಜಾರಿ ಗೋಡೆ ಹತ್ತಿತು. ಅವಳೂ ಅದನ್ನು ನೋಡಿದಳು. ಆದರೂ ಬೆನ್ನಿಗೆ ಇನ್ನೆರಡು ಬಿತ್ತು.

ಉಸಿರು ಬಂದ ಮೇಲೆ ಕೇಳಿದೆ. "ಹಲ್ಲಿ ಅಂತ ಗೊತ್ತಾದ ಮೇಲೂ ಇನ್ನೆರಡು ಯಾಕೆ?"

"ಮೊದಲನೇದು ಕರೆಂಟಿಗೆ. ಇನ್ನೆರಡು, ನನ್ನ ಮಿಕ್ಸಿ ಬಿಚ್ಚಿಟ್ಟು ಮೂರು ವಾರ ಆಯ್ತಲ್ಲ, ಅದಕ್ಕೆ."

ಬುಸ್ ಅನ್ನುವ ಕಂಪ್ಯೂಟರ್

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿ ಶಾಲೆಯಿಂದ ಹೆಡ್ ಮೇಡಂ ಫೋನ್ ಮಾಡಿದರು.

"ಸರ್, ನಮ್ಮ ಕಂಪ್ಯೂಟರ್ ಬುಸ್ ಅಂತಾ ಇದೆ."

"ಫ್ಯಾನಿಗೆ ಧೂಳು ಕೂತಿರುತ್ತೆ ಮೇಡಂ."

"ಫ್ಯಾನ್ ಅಲ್ಲ ಸರ್. ಆಫ್ ಮಾಡಿದಾಗಲೂ ಬುಸ್ ಅಂತದೆ."

ನನಗೆ ನಗು ಬಂತು. ಹೋದೆ. ಆಫೀಸ್ ರೂಮಿನ ಬಾಗಿಲಲ್ಲಿ ಹೆಡ್ ಮೇಡಂ, ಅವರ ಹಿಂದೆ ಬಿಸಿಯೂಟದ ಅಡುಗೆಯಮ್ಮ, ಇಬ್ಬರೂ ಹೊಸಿಲಿನ ಹೊರಗೇ ನಿಂತಿದ್ದರು. ಧೂಳು ಅಂದರೇನು, ಗಾಳಿ ಅಂದರೇನು, ಜನ ಹೇಗೆ ಸುಮ್ಮಸುಮ್ಮನೆ ಹೆದರುತ್ತಾರೆ ಅಂತ ಅವರಿಗೆ ಐದು ನಿಮಿಷ ಭಾಷಣ ಮಾಡಿದೆ. ಆಮೇಲೆ ಪೆಟ್ಟಿಗೆಯ ಪಕ್ಕದ ತಗಡು ತೆಗೆದು, ಅವರ ಕಡೆ ನೋಡುತ್ತಲೇ ಒಳಗೆ ಕೈ ಹಾಕಿದೆ. ಒಂದು ವೈರು ಅಡ್ಡ ಸಿಕ್ಕಿತು. ಹಿಡಿದು ಈಚೆಗೆ ಎಳೆದೆ. ವೈರು ಒಳಕ್ಕೆ ಎಳೆದುಕೊಂಡಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕಣ್ಣು ಬಿಟ್ಟಾಗ ಶಾಲೆಯ ಮೈದಾನದ ಆ ತುದಿಯ ಧ್ವಜದ ಕಂಬ ತಬ್ಬಿಕೊಂಡು ನಿಂತಿದ್ದೆ. ಕಾಲಲ್ಲಿ ಒಂದೇ ಚಪ್ಪಲಿ. ಹಿಡಿದಿದ್ದ ಕೈಯನ್ನು ಪ್ಯಾಂಟಿಗೆ ಉಜ್ಜಿದರೂ ಉಜ್ಜಿದರೂ ಆ ತಣ್ಣಗಿನ ಸ್ಪರ್ಶ ಹೋಗುತ್ತಿರಲಿಲ್ಲ. ಫೋನ್ ಬಂತು. ಹೆಡ್ ಮೇಡಂ.

"ಸರ್, ಮುಂದೆ ಏನು ಮಾಡೋದು?"

"ನಾನು ಇಲ್ಲಿಂದಲೇ ಹೇಳ್ತೀನಿ ಮೇಡಂ. ನೀವು ಹಂಗೇ ಮಾಡಿ. ಈಗ ಎಷ್ಟೋ ಕೆಲಸ ದೂರದಿಂದಲೇ ಆಗ್ತದೆ."

ನನ್ನ ಸಲಹೆಗೆ ಯಾರೂ ಕಾಯಲಿಲ್ಲ. ಅಡುಗೆಯಮ್ಮ ಉದ್ದನೆ ಸೌಟು ತಂದು, ಪೆಟ್ಟಿಗೆ ಬಗ್ಗಿಸಿ, ಒಂದು ಮೊಳದ ಹಾವನ್ನು ಸೌಟಿಗೆ ಸುತ್ತಿಕೊಂಡು ಆಚೆ ತಂದರು. ದೂರದಿಂದಲೇ ನನಗೆ ಕೂಗಿ ಹೇಳಿದರು. "ಕೇರೆ ಮರಿ ಕಣ್ ಬುಡಿ ಸಾ! ಇಸ ಇಲ್ಲ! ಬನ್ನಿ, ಇಂಗೆ!" ಬೇಲಿಯಾಚೆ ಬಿಟ್ಟು ಬಂದು ಕೈ ತೊಳೆದುಕೊಂಡು ಸಾರು ಕುದಿಯುವುದನ್ನು ನೋಡಲು ಹೋದರು.

ಕೆಲಸ ಮುಗಿದ ಮೇಲೆ ಗಿರಾಕಿಗಳು ಎರಡು ಸಾಲು ಬರೆದು ಸಹಿ ಮಾಡುವ ಹಾಳೆಯೊಂದನ್ನು ನಾನು ಇಟ್ಟುಕೊಂಡಿರುತ್ತೇನೆ. ಹೆಡ್ ಮೇಡಂ ದುಂಡನೆ ಅಕ್ಷರದಲ್ಲಿ ಬರೆದರು: "ಕಂಪ್ಯೂಟರ್ ಸುಸ್ಥಿತಿಯಲ್ಲಿದೆ. ಬಂದಿದ್ದವರು ಇನ್ನೂ ಸುಸ್ಥಿತಿಗೆ ಬಂದಿಲ್ಲ."

ಐವತ್ತೆರಡು

ಕೆ.ಆರ್. ನಗರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾನು ನೀರಿನ ಆಳ ತೋರಿಸುವ ಒಂದು ಮೀಟರು ಮಾಡಿದ್ದೆ. ಕೋಲಿನ ತುದಿಗೆ ಕಟ್ಟಿ ನೀರಿಗೆ ಮುಟ್ಟಿಸಿದರೆ ಆಳ ಎಷ್ಟು ಅಂತ ಪುಟ್ಟ ಪರದೆಯಲ್ಲಿ ಅಂಕಿ ಬರುತ್ತದೆ. ಅದನ್ನು ನೋಡಲು ಒಂದು ಭಾನುವಾರ ಇಬ್ಬರೂ ಕಾವೇರಿಗೆ ಹೋಗಿ ತೆಪ್ಪ ಹತ್ತಿದೆವು. ನಮ್ಮಿಬ್ಬರಿಗೂ ಈಜು ಬರದು.

ತೆಪ್ಪದವನು ಹುಟ್ಟು ಹಾಕಿದ, ತೆಪ್ಪ ದಡ ಬಿಟ್ಟಿತು. ಕೋಲು ಇಳಿಸಿದೆ. ಮೂವತ್ತೆಂಟು ಅಂತ ಬಂತು. ನಾನು ಎರಡೂ ಕೈಯಲ್ಲಿ ತೆಪ್ಪದ ಅಂಚು ಹಿಡಿದೆ.

"ಎಷ್ಟು ತೋರ್ಸ್ತಾ ಅದೆ?" ಅಂದ ಮೇಷ್ಟ್ರು.

"ಮೂವತ್ತೆಂಟಡಿ."

ಅವನು ಕಾಲು ಮಡಿಚಿ ನಡುವಿಗೆ ಸರಿದು ಕೂತ. ಇನ್ನೊಂದಿಷ್ಟು ದೂರ ಹೋದ ಮೇಲೆ ನಲವತ್ತನಾಲ್ಕು. ಆಮೇಲೆ ಐವತ್ತೆರಡು. ಐವತ್ತೆರಡಡಿ ಅಂದರೆ ನಮ್ಮ ಬೀದಿಯ ನೀರಿನ ಟ್ಯಾಂಕಿನಷ್ಟು. ಆ ಟ್ಯಾಂಕು ಬುಡಮೇಲಾಗಿ ನಮ್ಮ ಕೆಳಗೆ ನಿಂತಿರುವ ಹಾಗೆ ಕಂಡಿತು. ನೀರು ಬೇರೆ ಕಂದು, ತಳವೇ ಕಾಣದು. ಮೇಷ್ಟ್ರ ಮುಖ ಸುಣ್ಣದ ಹಾಗಾಗಿತ್ತು. ಅವನು ಕೈಗಡಿಯಾರ ಬಿಚ್ಚಿ ತೆಪ್ಪದವನ ಕೈಗಿಟ್ಟ.

"ನಿಂಗಾದ್ರೂ ಈಜು ಬತ್ತದೆ ಕಣಪ್ಪ. ಏನಾದ್ರೂ ಆದ್ರೆ ಇದನ್ನ ನಮ್ಮನೆಯವಳ ಕೈಗೇ ಕೊಡು. ಬೇರೆ ಯಾರಿಗೂ ಕೊಡಬೇಡ."

ತೆಪ್ಪದವನು ಗಡಿಯಾರ ನೋಡಿದ, ನನ್ನ ಮೀಟರು ನೋಡಿದ, ನಮ್ಮಿಬ್ಬರ ಮುಖ ನೋಡಿದ. ಗಡಿಯಾರ ಜೇಬಿಗೆ ಹಾಕಿಕೊಂಡು, ಕಾಲೆತ್ತಿ ತೆಪ್ಪದಿಂದ ಕೆಳಗಿಳಿದ. ನಾನು ಕಿಟಾರನೆ ಕಿರುಚಿ ಕಣ್ಣು ಮುಚ್ಚಿದೆ. ಬಿಟ್ಟಾಗ ಅವನು ಅಲ್ಲೇ ನಿಂತಿದ್ದ. ನೀರು ಅವನ ಮಂಡಿಗೆ ಬರುತ್ತಿತ್ತು.

ಮೇಷ್ಟ್ರು ಅವನ ಮಂಡಿ ನೋಡಿದ, ಮೀಟರು ನೋಡಿದ. "ಲೇ, ಇದು ಅಡಿ ಅಲ್ಲ ಕಣ್ಲಾ. ಸೆಂಟಿಮೀಟರು!"

ದಡಕ್ಕೆ ಬಂದ ಮೇಲೆ ಅವನು ಕೈ ಚಾಚಿ, "ನನ್ನ ವಾಚು ಕೊಡಪ್ಪ" ಅಂದ.

ತೆಪ್ಪದವನು ಜೇಬು ಮುಚ್ಚಿ ಹಿಡಿದುಕೊಂಡ. "ಯಜಮಾನ್ತಿ ಕೈಗೇ ಕೊಡು, ಬೇರೆ ಯಾರ್ಗೂ ಕೊಡ್ಬೇಡ ಅಂದ್ರಲ್ಲ ಸಾ. ಕರ್ಕೊಂಡ್ ಬನ್ನಿ, ಕೊಡ್ತೀನಿ."

ಹುಲಿ

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಒಬ್ಬ ರೈತ ಹಂದಿ ಕಾಟ ಅಂತ ಗೋಳಾಡುತ್ತಿದ್ದ. ನೆಲಗಡಲೆ ಒಂದೂ ಉಳಿಸುತ್ತಿಲ್ಲ ಅಂದ. ಅವನಿಗೆ ಒಂದು ಪೆಟ್ಟಿಗೆ ಮಾಡಿಕೊಟ್ಟೆ. ಬೇಲಿ ತಂತಿಗೆ ತೂಗುಹಾಕಿದರೆ, ತಂತಿ ಅಲುಗಿದ ತಕ್ಷಣ ಅದು ಹುಲಿಯ ಹಾಗೆ ಗರ್ಜಿಸಬೇಕು. ಗರ್ಜನೆಗೆ ಒಳ್ಳೆ ಸ್ಪೀಕರನ್ನೇ ಹಾಕಿದ್ದೆ.

ಹದಿನೈದು ದಿನ ಕಳೆಯುವಷ್ಟರಲ್ಲಿ, ಬಂದು ಪೆಟ್ಟಿಗೆ ತೆಗೆದುಕೊಂಡು ಹೋಗಿ ಅಂತ ಫೋನ್ ಮಾಡಿದ. ಹೋದೆ.

"ಯಾಕಪ್ಪಾ, ಹಂದಿ ನಿಲ್ಲಲಿಲ್ವಾ?"

"ನಿಂತವೆ ಸಾ. ಹಂದಿ ಬತ್ತಾ ಇಲ್ಲ, ದಿಟ. ಆದ್ರೆ ಹಸ ಹಾಲು ಕೊಡ್ತಾ ಇಲ್ಲ, ಆಳುಗಳು ಹೊಲಕ್ಕೆ ಇಳೀತಾ ಇಲ್ಲ, ನಮ್ಮತ್ತೆ ಬರೋದು ಬುಟ್ಟವ್ರೆ. ಅತ್ತೆದು ಹೋಗ್ಲಿ ಬುಡಿ, ಹಾಲು ಬೇಕಲ್ಲ."

ಪೆಟ್ಟಿಗೆಯ ಗುಂಡಿ ಆರಿಸಿ, ಬೆನ್ನಿಗೆ ಹಾಕುವ ಬ್ಯಾಗಿನಲ್ಲಿಟ್ಟುಕೊಂಡು, ಕೋಟೆಗೆ ಬಂದು ಮಧ್ಯಾಹ್ನದ ಹುಣಸೂರು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು. ಬ್ಯಾಗು ಕಾಲ ಬಳಿ. ಪಕ್ಕದಲ್ಲಿ ಒಬ್ಬ ಅಜ್ಜಿ. ಮುಂದಿನ ಸೀಟಿನಲ್ಲಿ ಇಬ್ಬರು, ಹೋದ ವಾರ ತಮ್ಮೂರಲ್ಲಿ ಹುಲಿ ಕರು ಎಳೆದುಕೊಂಡು ಹೋದದ್ದನ್ನು ಬಿಡಿಸಿ ಬಿಡಿಸಿ ಹೇಳಿಕೊಳ್ಳುತ್ತಿದ್ದರು. ಎಲ್ಲಿ ಹಿಡಿಯಿತು, ಎಷ್ಟು ದೂರ ಎಳೆಯಿತು, ಏನು ಉಳಿದಿತ್ತು. ಕೇಳಬಾರದು ಅಂದುಕೊಂಡೇ ಎಲ್ಲವನ್ನೂ ಕೇಳಿದೆ. ಕೇಳುತ್ತ ಕೇಳುತ್ತ ತೂಕಡಿಕೆ ಬಂತು.

ನಿದ್ದೆಯಲ್ಲಿ ನನ್ನ ಕಾಲೇ ತಾಗಿ ಗುಂಡಿ ಒತ್ತಿಕೊಂಡಿರಬೇಕು. ಅಷ್ಟು ಹೊತ್ತಿಗೆ ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಿತು.

ಗರ್ರ್ ಅಂತ ನನ್ನ ಕಾಲ ಸಂದಿಯಿಂದ ಹುಲಿ ಕೂಗಿತು.

ಆ ಗರ್ಜನೆಯನ್ನು ನಾನೇ ನೂರು ಸಲ ಕೇಳಿ ಸರಿಮಾಡಿದ್ದೆ. ಅದ್ಯಾವುದೂ ಆಗ ನೆನಪಿಗೆ ಬರಲಿಲ್ಲ. "ಹುಲಿ!" ಅಂತ ಕಿರುಚಿ ಸೀಟಿನ ಮೇಲೆ ಹತ್ತಿ ನಿಂತೆ. ಬಸ್ಸಿಗೆ ಬಸ್ಸೇ "ಹುಲಿ! ಹುಲಿ!" ಅಂತ ಎದ್ದಿತು. ಡ್ರೈವರ್ ಬ್ರೇಕ್ ಒತ್ತಿದ. ಬಸ್ಸು ಅಲುಗಿತು. ಹುಲಿ ಮತ್ತೆ ಕೂಗಿತು. ಜನ ಎರಡೂ ಬಾಗಿಲಲ್ಲಿ ಇಳಿದರು. ಕಿಟಕಿಯಲ್ಲೂ ಇಬ್ಬರು ಇಳಿದರು.

ಎಷ್ಟೇ ಭಯವಾದರೂ ನನ್ನ ಕೈ ಬ್ಯಾಗನ್ನು ಮಾತ್ರ ಬಿಡುವುದಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡೇ ಧುಮುಕಿ ಓಡಿದೆ. ಒಂದು ಹೆಜ್ಜೆ ಇಟ್ಟೆ, ಬೆನ್ನಿಗೇ ಗರ್ಜನೆ. ಇನ್ನೊಂದು ಹೆಜ್ಜೆ, ಇನ್ನೊಂದು ಗರ್ಜನೆ. ಹುಲಿ ಬೇರೆ ಎಲ್ಲರನ್ನೂ ಬಿಟ್ಟು ನನ್ನನ್ನೇ ಆರಿಸಿಕೊಂಡಿದೆ ಅಂತ ಖಾತ್ರಿಯಾಯಿತು. ಜೋರಾಗಿ ಓಡಿದರೆ ಅದೂ ಜೋರಾಯಿತು. ಅದರ ಉಸಿರು ಕತ್ತಿಗೆ ತಾಗುತ್ತಿದೆ ಅನ್ನಿಸಿತು. ಕಣ್ಣಿಗೆ ಕತ್ತಲೆ. ಹೆಂಡತಿಯ ಮುಖ, ಬಿಚ್ಚಿಟ್ಟ ಯಂತ್ರಗಳು, ಎಲ್ಲ ಕಣ್ಣ ಮುಂದೆ ಬಂದವು.

ಹಿಂದಿನಿಂದ ಕಂಡಕ್ಟರ್ ಸೀಟಿ ಊದುತ್ತಾ ಓಡಿ ಬಂದ. "ರೀ ಯಜಮಾನ್ರೇ! ನಿಂತ್ಕೊಳ್ರೀ! ನೀವು ನಿಂತ್ರೆ ಅದೂ ನಿಲ್ತದೆ!"

ಕಾಲು ಸೋತು ನಿಂತೆ. ಸದ್ದೂ ನಿಂತಿತು. ಮೆಲ್ಲಗೆ ಹಿಂದೆ ತಿರುಗಿದೆ. ತಿರುಗಿದ್ದಕ್ಕೆ ಒಂದು ಸಲ ಗರ್ ಅಂದಿತು.

"ಹುಲಿನ ಬೆನ್ಮೇಲೆ ಹೊತ್ಕೊಂಡು ಯಾವ ಹುಲಿಗೆ ಹೆದ್ರಿ ಓಡ್ತಾ ಇದ್ದೀರಾ?" ಅಂದ ಕಂಡಕ್ಟರ್.

ಪೆಟ್ಟಿಗೆ ತೆಗೆದು ಗುಂಡಿ ಆರಿಸಿದೆ. ಕೈ ನಡುಗುತ್ತಿದ್ದುದರಿಂದ ಅದಕ್ಕೆ ಇನ್ನೂ ನಾಲ್ಕು ಗರ್ಜನೆ ಹಿಡಿಯಿತು. ತಲೆ ತಗ್ಗಿಸಿಕೊಂಡು ಬಸ್ಸಿಗೆ ಬಂದು ಎಲ್ಲರಿಗೂ ಕೈಮುಗಿದೆ. ಇರುವ ವಿಷಯ ಹೇಳಿದೆ. ಕಿಟಕಿಯಲ್ಲಿ ಇಳಿದವರಿಬ್ಬರು ಅಂಗಿಯ ಹರಿದ ಜಾಗ ತೋರಿಸುತ್ತಾ ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದರು. ಹುಲಿಯೇ ವಾಸಿ ಅನ್ನಿಸಿತು.

ಆಗ ನನ್ನ ಪಕ್ಕದ ಸೀಟಿನ ಅಜ್ಜಿ ಎದ್ದು ನಿಂತರು. ಇಷ್ಟು ಹೊತ್ತೂ ಕೂತ ಜಾಗ ಬಿಟ್ಟು ಅಲುಗದಿದ್ದವರು ಅವರೊಬ್ಬರೇ. ನನ್ನ ಪರವಾಗಿ ಎರಡು ಒಳ್ಳೆ ಮಾತಾಡುತ್ತಾರೆ ಅಂತ ಆಸೆಯಿಂದ ನೋಡಿದೆ. ಅವರು ಸೀಟಿನ ಕೆಳಗಿನಿಂದ ಒಂದು ಬುಟ್ಟಿ ಎಳೆದು ಕಂಡಕ್ಟರ್ ಮುಂದೆ ಹಿಡಿದರು.

"ಏನ್ಲಾ ಮಗ, ಬಾಯ್ ಬುಡ್ದೆ ಕುಂತಿರೋ ನನ್ ಕೋಳಿಗೆ ಟಿಕೆಟ್ ಅರಿದೆ. ಇಷ್ಟ್ ಅರಚೋ ಇವ್ರ ಉಲಿಗೆ ಯಾಕ್ಲಾ ಅರೀಲಿಲ್ಲ?"